ಹಚ್ಚೆಯಿಲ್ಲದ ಕೈಯ ನೀರು

ಹಿರೇನಲ್ಲೂರಿನ ಆ ಮನೆಯಲ್ಲಿ ಹದಿಮೂರು ವರ್ಷ ರಾಗಿ ಮುದ್ದೆ ಎರಡು ಜೊತೆ ಕೈಗಳಲ್ಲಿ ಆಗುತ್ತಿತ್ತು. ಎಸರಿಡುವುದು, ಹಿಟ್ಟು ಹಾಕುವುದು, ಗಂಟಾಗದಂತೆ ತೊಳಸುವುದು ಸೊಸೆ ಪಾಪಮ್ಮನ ಕೆಲಸ. ಬೆಂದ ಹಿಟ್ಟನ್ನು ಮಣೆಯ ಮೇಲೆ ಸುರಿದ ಕೂಡಲೇ ಅವಳು ಪಕ್ಕಕ್ಕೆ ಸರಿಯಬೇಕು. ಅತ್ತೆ ಕರಿಯಮ್ಮ ಬಂದು ಕೈ ಒದ್ದೆ ಮಾಡಿಕೊಂಡು ತನ್ನ ಪಾಲಿನ ಒಂದು ಉಂಡೆಯನ್ನು ತಾನೇ ಕಟ್ಟಿಕೊಂಡು ಹೋಗುತ್ತಿದ್ದಳು. ಆಮೇಲೆ ಉಳಿದವರ ಮುದ್ದೆಗಳನ್ನು ಪಾಪಮ್ಮ ಕಟ್ಟುತ್ತಿದ್ದಳು. ನೀರಿನ ವಿಷಯದಲ್ಲೂ ಹಾಗೆಯೇ. ಕರಿಯಮ್ಮ ಎಷ್ಟೇ ದಣಿದು ಬಂದರೂ ಎದ್ದು ಹೋಗಿ ಗುಡಾಣದಿಂದ ತಾನೇ ಮೊಗೆದುಕೊಂಡು ಕುಡಿಯುವಳು. ಸೊಸೆ ಚೊಂಬು ಹಿಡಿದು ಎದುರಿಗೆ ನಿಂತಿದ್ದರೂ ಅದು ಕಾಣದವಳಂತೆ ನಡೆದುಬಿಡುವಳು.

ಕಾರಣ ಗುಟ್ಟಿನದಲ್ಲ, ಊರಿಗೆಲ್ಲ ಗೊತ್ತಿತ್ತು. ಪಾಪಮ್ಮನ ಕೈಮೇಲೆ ಹಚ್ಚೆ ಇರಲಿಲ್ಲ. ಹಚ್ಚೆಯಿಲ್ಲದ ಹೆಣ್ಣಿನ ಕೈಯಿಂದ ಅತ್ತೆಯಾದವಳು ನೀರು ಕುಡಿಯಬಾರದು ಎಂಬುದು ಆ ಮನೆಯ ಕಟ್ಟಳೆ. ಗಂಡಸರಿಗೆ ಈ ಕಟ್ಟಳೆ ಇರಲಿಲ್ಲ. ಅವರು ಯಾರ ಕೈಯಿಂದ ಬೇಕಾದರೂ ಕುಡಿಯುತ್ತಿದ್ದರು.

ಪಾಪಮ್ಮ ಅಜ್ಜಂಪುರದವಳು. ಅವಳ ಅಪ್ಪ ತಮ್ಮಯ್ಯ ಅಲ್ಲಿನ ಒಬ್ಬ ಖಾಸಗಿ ಡಾಕ್ಟರ ಬಳಿ ಅಟೆಂಡರ್ ಆಗಿದ್ದ. ಬೆಳಗ್ಗೆ ಡಾಕ್ಟರು ಬರುವ ಮೊದಲು ಸೀಮೆಎಣ್ಣೆ ಸ್ಟೌವ್ ಹಚ್ಚಿ, ಅಲ್ಯೂಮಿನಿಯಂ ತಟ್ಟೆಯಲ್ಲಿ ನೀರಿಟ್ಟು, ಗಾಜಿನ ಸಿರಿಂಜುಗಳನ್ನೂ ಸೂಜಿಗಳನ್ನೂ ಇಪ್ಪತ್ತು ನಿಮಿಷ ಕುದಿಸುವುದು ಅವನ ಮೊದಲ ಕೆಲಸ. ಗಡಿಯಾರ ನೋಡಿಯೇ ಕುದಿಸುತ್ತಿದ್ದ. ದೇವರ ಮೇಲೆ ಅಷ್ಟೇನೂ ಭಕ್ತಿಯಿಲ್ಲದ ಮನುಷ್ಯ ಈ ಇಪ್ಪತ್ತು ನಿಮಿಷದ ವಿಷಯದಲ್ಲಿ ಮಾತ್ರ ಮಡಿವಂತ. ಮನೆಯಲ್ಲಿ ಮುಳ್ಳು ತೆಗೆಯುವ ಪಿನ್ನನ್ನೂ ಕುದಿಸಿಯೇ ಮುಟ್ಟುತ್ತಿದ್ದ.

ಪಾಪಮ್ಮನಿಗೆ ಒಂಬತ್ತು ವರ್ಷವಾಗಿದ್ದಾಗ, ಅಕ್ಕ ದೇವೀರಮ್ಮ ಅಜ್ಜಿಯ ಊರಿಗೆ ಹೋದವಳು ಹಚ್ಚೆ ಹಾಕಿಸಿಕೊಂಡು ಬಂದಳು. ನಾಲ್ಕನೆಯ ದಿನಕ್ಕೆ ತೋಳು ಬಾಳೆದಿಂಡಿನಷ್ಟು ಊದಿಕೊಂಡಿತು. ತಮ್ಮಯ್ಯ ಮಗಳನ್ನು ಡಾಕ್ಟರ ಬೆಂಚಿನ ಮೇಲೆ ಮಲಗಿಸಿ, ಹಚ್ಚೆಯ ಗೆರೆಗಳುದ್ದಕ್ಕೂ ಕಟ್ಟಿದ್ದ ಹಕ್ಕಳೆಯನ್ನು ಹತ್ತಿಯಿಂದ ಒತ್ತಿ ತೆಗೆದ. ಕಪ್ಪು ಮಸಿ ಬೆರೆತ ಕೀವು ಬಂತು. ಹಸಿರೂ ಅಲ್ಲ, ಹಳದಿಯೂ ಅಲ್ಲದ ಬಣ್ಣ. ಅದರ ವಾಸನೆ ಸತ್ತ ಹೆಗ್ಗಣದ ವಾಸನೆಯಂತಿತ್ತು ಎಂದು ಪಾಪಮ್ಮ ಹೇಳುತ್ತಾಳೆ. ಅವಳು ಬಾಗಿಲಲ್ಲಿ ನಿಂತು ಪೂರ್ತಿ ನೋಡಿದಳು. ದೇವೀರಮ್ಮ ಉಳಿದಳು. ಮೊಣಕೈ ಮಾತ್ರ ಪೂರ್ತಿ ಚಾಚಲು ಬರದಂತಾಯಿತು. ಕುದಿಸದ ಸೂಜಿ ತನ್ನ ಇನ್ನೊಬ್ಬ ಮಗಳ ಮೈಗೆ ತಾಕಬಾರದು ಎಂದು ತಮ್ಮಯ್ಯ ಅಂದೇ ಹೆಂಡತಿಗೆ ಹೇಳಿದ. ಪಾಪಮ್ಮನ ಕಿವಿ, ಮೂಗು ಚುಚ್ಚಿದ್ದು ಕೂಡ ಡಾಕ್ಟರ ಸೂಜಿಯಿಂದಲೇ.

೧೯೭೩ರಲ್ಲಿ ಅವಳನ್ನು ನೋಡಲು ಬಂದವರೆಲ್ಲ ಗಂಡಸರು. ಹುಡುಗ ನಂಜುಂಡಪ್ಪ, ಅವನ ದೊಡ್ಡಪ್ಪ, ಇನ್ನಿಬ್ಬರು. ಇಪ್ಪತ್ತು ಎಕರೆ ಖುಷ್ಕಿ, ಒಂದು ತೆಂಗಿನ ತೋಟ, ಇಬ್ಬರು ಗಂಡುಮಕ್ಕಳ ಮನೆ. ಹುಡುಗಿ ಕಾಫಿ ತಂದುಕೊಟ್ಟಳು, ಅವರು ಕುಡಿದರು, ಮಾತು ಮುಗಿಯಿತು. ಕೈ ಯಾರೂ ನೋಡಲಿಲ್ಲ. ನೋಡಿದ್ದು ಕರಿಯಮ್ಮ, ಮದುವೆಯ ಹಿಂದಿನ ದಿನ. ಬಳೆಗಾರ ಹುಡುಗಿಯ ಕೈ ಹಿಚುಕಿ ಹಸಿರು ಬಳೆ ಏರಿಸುತ್ತಿದ್ದಾಗ ಕರಿಯಮ್ಮ ಹತ್ತಿರ ಬಂದು ಅದೇ ಕೈಯನ್ನು ಹಿಡಿದು, ತಿರುಗಿಸಿ, ಮೊಣಕೈವರೆಗೆ ನೋಡಿ ಬಿಟ್ಟಳು. ಎಡಗೈಯನ್ನೂ ನೋಡಿದಳು.

"ಇದೇನ್ ಕೈಯೇ ಇದು? ಸಿಪ್ಪೆ ಹೆರೆದಿರೋ ಮೂಲಂಗಿ ಇದ್ದಂಗೈತೆ."

ಸುತ್ತಲಿದ್ದ ಹೆಂಗಸರು ನಕ್ಕರು. ಪಾಪಮ್ಮ ನಗಲಿಲ್ಲ. ಆ ಹೊತ್ತಿಗೆ ಅವಳು ನೋಡುತ್ತಿದ್ದದ್ದು ಅತ್ತೆಯ ಕೈಗಳನ್ನು. ಮಣಿಕಟ್ಟಿನಿಂದ ಮೊಣಕೈವರೆಗೆ ಖಾಲಿ ಜಾಗವಿರಲಿಲ್ಲ. ಎಡಗೈಯಲ್ಲಿ ತುಳಸಿಕಟ್ಟೆ, ತೊಟ್ಟಿಲು, ಸೀತೆಯ ಸೆರಗು. ಬಲಗೈಯಲ್ಲಿ ಬಾಸಿಂಗ, ಸಾಲಾಗಿ ಐದು ನವಿಲು, ಹೆಬ್ಬೆರಳಿನ ಬುಡಕ್ಕೆ ಬಾಲ ಎತ್ತಿದ ಚೇಳು. ಮೂವತ್ತು ನಲವತ್ತು ವರ್ಷ ಹಳೆಯದಾದ ಆ ಗೆರೆಗಳು ಹರಡಿಕೊಂಡು, ಪಾಚಿ ಕಟ್ಟಿದ ಗೋಡೆಯ ಬಣ್ಣಕ್ಕೆ ಬಂದಿದ್ದವು. ಆ ಕೈ ತನ್ನ ಕೈಯನ್ನು ಹಿಡಿದಿದ್ದಷ್ಟು ಹೊತ್ತು ಪಾಪಮ್ಮನಿಗೆ ಹಲ್ಲಿ ಮೈಮೇಲೆ ಬಿದ್ದ ಹಾಗಿತ್ತು.

ಕರಿಯಮ್ಮನ ಕಡೆಯ ಮಾತನ್ನೂ ಹೇಳಬೇಕು. ಹನ್ನೆರಡನೆಯ ವಯಸ್ಸಿಗೆ ಅವಳನ್ನು ನಾಲ್ಕು ಜನ ಹೆಂಗಸರು ರಾಗಿ ತುಂಬುವ ಹಗೇವಿನ ಮುಚ್ಚಳದ ಕಲ್ಲಿನ ಮೇಲೆ ಅದುಮಿ ಹಿಡಿದು ಎರಡು ಕೈಗೂ ಹಚ್ಚೆ ಹಾಕಿಸಿದ್ದರು. ಒಂಬತ್ತು ದಿನ ಜ್ವರ. ಎದ್ದ ಮೇಲೆ ಅವಳ ಅತ್ತೆ ಅವಳ ಕೈಯಿಂದ ಮೊದಲ ಸಲ ಒಂದು ಚೊಂಬು ನೀರು ಇಸಿದುಕೊಂಡು ಕುಡಿದಳು. ಆ ಚೊಂಬಿನ ನೀರಿನಿಂದಲೇ ತಾನು ಆ ಮನೆಯವಳಾದದ್ದು ಎಂದು ಕರಿಯಮ್ಮ ಕೊನೆಯವರೆಗೂ ನಂಬಿದ್ದಳು. ಓಲೆ, ಮೂಗುತಿ, ತಾಳಿ ಎಲ್ಲವನ್ನೂ ಒಂದು ದಿನ ಯಾರಾದರೂ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯನ್ನು ಬಿಚ್ಚಿಕೊಳ್ಳಲು ಯಾರಿಂದಲೂ ಆಗದು ಎಂದು ಹೇಳುತ್ತಿದ್ದಳು. ಅಷ್ಟು ನೋವು ತಿನ್ನದೆ ಬಂದ ಹುಡುಗಿಯ ಕೈ ಅವಳಿಗೆ ಹೇಸಿಗೆಯಾಗಿ ಕಂಡದ್ದು ಹುಡುಗಾಟಕ್ಕಲ್ಲ. ಬೋಳು ಕೈ ನೋಡಿದರೆ ಹೆಣದ ಕೈ ನೋಡಿದಂತಾಗುತ್ತದೆ ಎಂದು ಪಕ್ಕದ ಮನೆಯ ಚೌಡಮ್ಮನ ಬಳಿ ಹೇಳಿಕೊಂಡಿದ್ದಳು. ಊಟಕ್ಕೆ ಕೂತಾಗ ಸೊಸೆಯ ಕೈ ಕಣ್ಣಿಗೆ ಬಿದ್ದರೆ ತುತ್ತು ಇಳಿಯುತ್ತಿರಲಿಲ್ಲವಂತೆ.

ಮುಂದಿನ ವರ್ಷ ಸುಗ್ಗಿ ಮುಗಿದ ಮೇಲೆ ಹಚ್ಚೆಯವಳು ಬಂದಳು. ಪ್ರತಿ ವರ್ಷ ಬರುವವಳೇ, ಎಮ್ಮೆದೊಡ್ಡಿ ಕಡೆಯ ಹಳ್ಳಿಗಳನ್ನು ಮುಗಿಸಿಕೊಂಡು ಬುಟ್ಟಿ ಹೊತ್ತು ಬರುತ್ತಿದ್ದಳು. ಕರಿಯಮ್ಮನ ಅಂಗಳದಲ್ಲಿ ಆ ದಿನ ನಾಲ್ಕು ಹುಡುಗಿಯರು ಕೂತಿದ್ದರು. ಪಾಪಮ್ಮ ನಾಲ್ಕನೆಯವಳು. ಮೊದಲ ಮೂವರಿಗೆ ಆಗುವುದನ್ನು ಅವಳು ಪಕ್ಕದಲ್ಲೇ ಕೂತು ನೋಡಬೇಕಾಯಿತು.

ಮೂರು ಸೂಜಿಗಳನ್ನು ಒಟ್ಟಿಗೆ ಇಟ್ಟು ದಾರ ಸುತ್ತಿದ್ದರು. ದಾರ ಕಪ್ಪಾಗಿ ಬಿಗಿದುಹೋಗಿತ್ತು. ಹಣತೆಯ ಕಾಡಿಗೆಯನ್ನು ತೆಂಗಿನ ಚಿಪ್ಪಿಗೆ ಕೆರೆದು ಹಾಕಿಕೊಂಡ ಹಚ್ಚೆಯವಳು, ಇದಕ್ಕೆ ಎದೆಹಾಲು ಬೇಕು ಎಂದಳು. ಚೌಡಮ್ಮನಿಗೆ ಆಗ ಮೂರು ತಿಂಗಳ ಮಗು. ಅವಳು ಗೋಡೆಯ ಕಡೆ ತಿರುಗಿ ಚಿಪ್ಪಿಗೆ ನಾಲ್ಕು ಧಾರೆ ಹಿಂಡಿಕೊಟ್ಟಳು. ಕಡ್ಡಿಯಿಂದ ಕಲಸಿದಾಗ ಹಾಲು ಒಡೆದಂತೆ ಕಂಡು ಬೂದು ಬಣ್ಣದ ಗಸಿಯಾಯಿತು. ನೊಣ ಬಂದು ಚಿಪ್ಪಿನ ಅಂಚಿಗೆ ಕೂತವು. ಹಚ್ಚೆಯವಳು ಹಾಡು ಹೇಳುತ್ತಾ ಚುಚ್ಚಿದಳು. ರಕ್ತ ಒಸರಿದಾಗಲೆಲ್ಲ ತನ್ನ ಸೆರಗಿನ ತುದಿಯಿಂದ ಒರೆಸಿದಳು. ಒಬ್ಬಳದು ಮುಗಿದ ಮೇಲೆ ಸೂಜಿಯನ್ನು ಅದೇ ಸೆರಗಿಗೆ ಒಮ್ಮೆ ಎಳೆದು ಇನ್ನೊಬ್ಬಳ ಕೈ ಹಿಡಿದಳು. ಮೂರನೆಯವಳ ಹೊತ್ತಿಗೆ ಚಿಪ್ಪಿನ ಮಸಿಯಲ್ಲಿ ಕೆಂಪು ಎಳೆಗಳು ತೇಲುತ್ತಿದ್ದವು.

ಪಾಪಮ್ಮನ ಕೈ ಹಿಡಿದು ಮಣಿಕಟ್ಟಿನ ಮೇಲೆ ಕಡ್ಡಿಯಿಂದ ಒಂದು ಚುಕ್ಕೆ ಇಟ್ಟದ್ದಷ್ಟೇ. ಅವಳು ಅಲ್ಲೇ, ಚಿಪ್ಪಿನ ಮೇಲೂ ಹಚ್ಚೆಯವಳ ಮಡಿಲ ಮೇಲೂ ಬೀಳುವಂತೆ ವಾಂತಿ ಮಾಡಿದಳು.

ಆಮೇಲೆ ನಡೆದದ್ದು ಆ ಮನೆಯವರು ಮಾತ್ರ ಮಾಡಬಹುದಾದ ತಪ್ಪು. ಮದುವೆಯಾಗಿ ವರ್ಷವಾಗುತ್ತ ಬಂದ ಸೊಸೆ ವಾಂತಿ ಮಾಡಿದಳೆಂದರೆ ಕರಿಯಮ್ಮನಿಗೆ ಬೇರೆ ಅರ್ಥ ಹೊಳೆಯಲಿಲ್ಲ. ಬಸುರಿಯ ಮೈಗೆ ಸೂಜಿ ತಾಕಿಸಬಾರದೆಂದು ಹಚ್ಚೆಯವಳನ್ನು ಗದರಿ ಎಬ್ಬಿಸಿ, ಒಂದು ಸೇರು ರಾಗಿ ಹೆಚ್ಚಾಗಿ ಹಾಕಿ ಕಳಿಸಿದಳು. ಸೊಸೆಯನ್ನು ಚಾಪೆ ಹಾಸಿ ಮಲಗಿಸಿದಳು. ಮೂರು ವಾರ ಕೊಟ್ಟಿಗೆಯ ಕೆಲಸ ಕೊಡಲಿಲ್ಲ. ಹುಣಸೆಹಣ್ಣು, ಸುಟ್ಟ ಮಣ್ಣು ಏನಾದರೂ ಬೇಕೇ ಎಂದು ಚೌಡಮ್ಮನ ಮೂಲಕ ಕೇಳಿಸಿದಳು. ಪಾಪಮ್ಮ ಏನೂ ಹೇಳದೆ ಮಲಗಿದ್ದಳು. ನಾಲ್ಕನೆಯ ವಾರ ಅವಳು ಮೂರು ದಿನ ಹೊರಗೆ ಕೂತಾಗ ವಿಷಯ ತಿಳಿಯಿತು. ಬಸುರಲ್ಲದಿದ್ದರೆ ಆ ವಾಂತಿ ಎದೆಹಾಲು ಕಂಡು ಬಂದ ಹೇಸಿಗೆ ಎಂದಾಯಿತು. ತಾಯಿಯ ಹಾಲಿಗೆ ಓಕರಿಸಿದವಳು ಎಂಬ ಮಾತು ಬಾವಿಕಟ್ಟೆಗೆ ಹೋಯಿತು. ಚೌಡಮ್ಮನ ಮಗುವಿಗೆ ಆ ತಿಂಗಳು ಭೇದಿ ಹತ್ತಿದ್ದಕ್ಕೂ ಅದನ್ನೇ ಗಂಟು ಹಾಕಿದರು. ಚೌಡಮ್ಮ ಮಾತ್ರ ಮಗುವಿಗೆ ಹಲ್ಲು ಬರುತ್ತಿದೆ ಎಂದಳು.

ನಂಜುಂಡಪ್ಪ ಮೆತ್ತಗಿನ ಮನುಷ್ಯ. ಇಬ್ಬರ ನಡುವೆ ನ್ಯಾಯ ಹೇಳುವುದಕ್ಕಿಂತ ತೋಟದಲ್ಲಿ ಗುಣಿ ತೆಗೆಯುವುದು ಅವನಿಗೆ ಸುಲಭ. ಒಂದು ಸಲ ಮಾತ್ರ ಹೆಂಡತಿಯ ಹತ್ತಿರ, ಎರಡು ಚುಕ್ಕೆ ಚುಚ್ಚಿಸಿಕೊಂಡರೆ ಮುಗಿಯಿತಲ್ಲ ಎಂದ. ಅವಳು ಆಗಲಿ ಎಂದಳು. ಆದರೆ ಹೊಸ ಸೂಜಿ ತರಬೇಕು, ಸೂಜಿಯನ್ನೂ ಮಸಿಯನ್ನೂ ತನ್ನ ಕಣ್ಣೆದುರು ಇಪ್ಪತ್ತು ನಿಮಿಷ ಕುದಿಸಬೇಕು ಎಂದಳು. ಮುಂದಿನ ಸುಗ್ಗಿಗೆ ಹಚ್ಚೆಯವಳು ಬಂದಾಗ ನಂಜುಂಡಪ್ಪ ಈ ಮಾತನ್ನು ಮುಂದಿಟ್ಟ. ಕುದಿಸಿದ ಸೂಜಿ ಸತ್ತ ಸೂಜಿ, ಅದರಿಂದ ಇಟ್ಟ ಹಚ್ಚೆ ಏಳುವುದಿಲ್ಲ ಎಂದು ಹಚ್ಚೆಯವಳು ಬುಟ್ಟಿ ಮುಚ್ಚಿದಳು. ಅದು ಹೇಗೋ ಸರಿಹೋಗುತ್ತಿತ್ತೇನೋ. ಮಸಿ ಕುದಿಸುವ ಮಾತಿಗೆ ಮಾತ್ರ ಕರಿಯಮ್ಮ ನಡುಗಿಹೋದಳು. ಹಸುವಿನ ಹಾಲು ಉಕ್ಕಿ ಒಲೆಗೆ ಬಿದ್ದರೇ ಕೆಚ್ಚಲು ಬತ್ತುತ್ತದೆ ಎನ್ನುವ ಮನೆ ಅದು.

"ಎದೆಹಾಲ್ನ ಒಲೆ ಮೇಲಿಡ್ತಾಳಂತೆ. ಇವ್ಳು ಹೆಂಗ್ಸೇನ್ರೇ?"

ಅಲ್ಲಿಗೆ ಹಚ್ಚೆಯ ಮಾತು ನಿಂತಿತು. ಮುದ್ದೆಯ ಏರ್ಪಾಡು ನಿಲ್ಲಲಿಲ್ಲ.

೧೯೭೬ರಲ್ಲಿ ಮಗಳು ನಾಗವೇಣಿ ಹುಟ್ಟಿದಳು. ಅವಳಿಗೆ ಮೂರು ತುಂಬಿದಾಗ ಕಿವಿ ಚುಚ್ಚಿಸಲು ಕಡೂರಿನ ಅಕ್ಕಸಾಲಿಯ ಅಂಗಡಿಗೆ ಅತ್ತೆ ಸೊಸೆ ಇಬ್ಬರೂ ಹೋದರು. ಪಾಪಮ್ಮ ಚೀಲದಿಂದ ಒಂದು ಸಣ್ಣ ಪಾತ್ರೆ ತೆಗೆದು, ಬಂಗಾರದ ತಂತಿಯನ್ನು ಇದರಲ್ಲಿ ಕುದಿಸಿಕೊಡಿ ಎಂದಳು. ಆಚಾರಿ ಮೂವತ್ತು ವರ್ಷದಿಂದ ಕಿವಿ ಚುಚ್ಚಿದವನು. ಬಂಗಾರಕ್ಕೆ ಮೈಲಿಗೆ ಇಲ್ಲ ಎಂದು ಹೇಳಿ ನೋಡಿದ. ಕೊನೆಗೆ ನಗುತ್ತಾ ಒಲೆಯ ಮೇಲಿಟ್ಟು, ಉಪ್ಪು ಖಾರ ಎಷ್ಟು ಹಾಕಲಮ್ಮ ಎಂದು ಕೇಳಿದ. ಕಟ್ಟೆಯ ಮೇಲೆ ಕೂತಿದ್ದ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕರಿಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕುದಿಸಿದರೂ ಎಡಗಿವಿ ಕೀವಾಯಿತು. ತಂತಿ ಅಂಟಿಕೊಂಡು, ತಿರುಗಿಸಿದರೆ ಮಗು ಕಿರುಚುವಂತಾಯಿತು. ಕರಿಯಮ್ಮ ಒಂದು ತಿಂಗಳು ದಿನಾ ಸಂಜೆ ಮೊಮ್ಮಗಳ ಕಿವಿಗೆ ಬೇವಿನೆಣ್ಣೆ ಬಿಡುತ್ತಾ, ಬಿಡುವಾಗಲೆಲ್ಲ ಸೊಸೆಯ ಮುಖ ನೋಡುತ್ತಾ, ಒಂದು ಮಾತನ್ನೂ ಆಡದೆ ಗೆದ್ದಳು.

ಅವಳು ಸೋತದ್ದು ಎರಡನೆಯ ಮಗನ ಮನೆಯಲ್ಲಿ. ಬೀರಪ್ಪ ಕಡೂರಿನಲ್ಲಿ ಗುಮಾಸ್ತನಾಗಿದ್ದ. ಅವನ ಹೆಂಡತಿ ವಿಮಲ ಎಸ್ಸೆಸ್ಸೆಲ್ಸಿ ಓದಿದವಳು. ಎಂಬತ್ತೆರಡರಲ್ಲಿ ಕರಿಯಮ್ಮ ಅಲ್ಲಿಗೆ ಹೋಗಿ ತಿಂಗಳಿದ್ದು ಬರುತ್ತೇನೆಂದು ಹೊರಟಳು. ವಿಮಲನ ಕೈಯೂ ಬೋಳೇ. ಅಲ್ಲೂ ಕರಿಯಮ್ಮ ನೀರನ್ನು ತಾನೇ ಮೊಗೆದುಕೊಂಡಳು. ಅದಕ್ಕೆ ಆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕನೆಯ ದಿನ ಬೀರಪ್ಪನ ಆಫೀಸಿನವರು ಸಂಸಾರ ಸಮೇತ ಕಾಫಿಗೆ ಬಂದರು. ಬಂದವರ ಮಗು ಮುದುಕಿಯ ಕೈಯನ್ನೇ ನೋಡುತ್ತಿದ್ದು, ಅಜ್ಜಿ ಕೈ ಯಾಕಮ್ಮ ಕೊಳೆತುಹೋಗಿದೆ ಎಂದು ಕೇಳಿತು. ಅವರು ಹೋದ ಮೇಲೆ ವಿಮಲ, ಯಾರಾದರೂ ಬಂದಾಗ ತುಂಬುತೋಳಿನ ರವಿಕೆ ಹಾಕಿಕೊಳ್ಳುವಂತೆ ಅತ್ತೆಗೆ ಹೇಳಿದಳು. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. ಕರಿಯಮ್ಮ ಮರುದಿನ ಬೆಳಗಿನ ಬಸ್ಸಿಗೇ ಹಿರೇನಲ್ಲೂರಿಗೆ ವಾಪಸು ಬಂದಳು.

ಬೀರಪ್ಪನಿಂದ ಈ ಸುದ್ದಿ ತಿಳಿದಾಗ ಪಾಪಮ್ಮನಿಗೆ ಅಯ್ಯೋ ಅನ್ನಿಸಲಿಲ್ಲ. ಅವಳು ಇದನ್ನು ಮುಚ್ಚಿಡುವುದಿಲ್ಲ. ಆ ಮಗು ಹೇಳಿದ್ದು ಸರಿ ಅನ್ನಿಸಿತು ಅನ್ನುತ್ತಾಳೆ. ಒಂಬತ್ತು ವರ್ಷ ಆ ಕೈ ಮುದ್ದೆ ಕಟ್ಟುವುದನ್ನು ನೋಡಿದ್ದಳು. ಚರ್ಮ ಸುಕ್ಕಾದಂತೆ ನವಿಲುಗಳ ಕತ್ತು ಮುರಿದು, ಚೇಳು ಮಣ್ಣಿನ ಬಣ್ಣಕ್ಕೆ ತಿರುಗಿ, ಬಿಸಿ ಹಿಟ್ಟಿನ ಮೇಲೆ ಆ ಚೇಳು ಹರಿದಾಡುವುದನ್ನು ನೋಡಿ ಎಷ್ಟೋ ದಿನ ಅವಳಿಗೂ ಊಟ ಸೇರಿರಲಿಲ್ಲ. ಒಬ್ಬರ ಕೈ ಕಂಡರೆ ಇನ್ನೊಬ್ಬರಿಗೆ ಅಸಹ್ಯ. ಒಂದೇ ಒಲೆ, ಒಂದೇ ಗುಡಾಣ.

೧೯೮೬ರ ಫೆಬ್ರವರಿಯಲ್ಲಿ ಹುರುಳಿ ಕೇರುತ್ತಿದ್ದ ಕರಿಯಮ್ಮ ಮೊರದ ಮೇಲೆಯೇ ಕುಸಿದಳು. ಕಡೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಎಡಗೈಯೂ ಚೊಂಬು ಎತ್ತುವಷ್ಟು ಗಟ್ಟಿಯಿರಲಿಲ್ಲ. ನಡುಗಿ, ನೀರೆಲ್ಲ ಎದೆಯ ಮೇಲೆ ಚೆಲ್ಲುತ್ತಿತ್ತು. ಮಾತು ತೊದಲುತ್ತಿತ್ತು, ಬುದ್ಧಿ ಚೆನ್ನಾಗಿತ್ತು. ಸ್ವಲ್ಪ ಸ್ವಲ್ಪವೇ ನೀರು ಗಂಟೆಗೊಮ್ಮೆ ಹೋಗುತ್ತಿರಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಗಂಟೆಗೊಮ್ಮೆ ಕೊಡುವವರು ಯಾರು? ಲಿಂಗದಹಳ್ಳಿಗೆ ಕೊಟ್ಟಿದ್ದ ಮಗಳು ರಂಗಮ್ಮ ಬಂದು ಹದಿನೈದು ದಿನ ಇದ್ದಳು. ಅವಳ ಕೈಯಲ್ಲಿ ಹಚ್ಚೆ ಇತ್ತು. ಆಮೇಲೆ ತನ್ನ ಮನೆ ನೋಡಿಕೊಳ್ಳಲು ಹೋದಳು. ಪಕ್ಕದ ಚೌಡಮ್ಮ ದಿನಕ್ಕೆ ಮೂರು ಸಲ ಬಂದು ಕುಡಿಸಿದಳು. ಮಾರ್ಚಿನಲ್ಲಿ ಅವಳೂ ಮಗಳ ಬಾಣಂತನಕ್ಕೆ ತರೀಕೆರೆಗೆ ಹೊರಟಳು. ಕೇರಿಯ ಇನ್ನಿಬ್ಬರು ಹಚ್ಚೆಯ ಕೈಯವರು ಬರುತ್ತೇವೆ ಎಂದರು, ಒಂದೊಂದು ಸಲ ಬಂದರು. ಬೆನ್ನಿನ ಹುಣ್ಣು ಆಗ ಬಾಯಿ ಬಿಟ್ಟಿತ್ತು. ಬಾಗಿಲ ಹೊರಗೇ ವಾಸನೆ ಬರುತ್ತಿತ್ತು. ಮೂಗಿಗೆ ಸೆರಗು ಹಿಡಿದು ಬಂದವರು ಮತ್ತೆ ಬರಲಿಲ್ಲ. ನಂಜುಂಡಪ್ಪ ಒಮ್ಮೆ ಕುಡಿಸಲು ಹೋಗಿ ಕರುವಿನ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹೊಯ್ಯುವ ಹಾಗೆ ಎತ್ತಿ ಹೊಯ್ದ. ನೀರು ನೆತ್ತಿಗೇರಿ ಮುದುಕಿ ನೀಲಿಗಟ್ಟಿದಳು. ಉಸಿರು ತಿರುಗಿದ ಮೇಲೆ ಅವಳು ತೊದಲಿ ಹೇಳಿದ್ದು, ಮಗ ಬಾಯಿಗೆ ನೀರು ಬಿಡುವುದು ಕಡೆಗಾಲದಲ್ಲಿ, ಈಗಲೇ ಯಾಕೆ ಬಿಡುತ್ತಿದ್ದೀಯ ಎಂದು. ಅವನು ಆಮೇಲೆ ಚೊಂಬು ಮುಟ್ಟಲಿಲ್ಲ.

ಉಳಿದವಳು ಪಾಪಮ್ಮ. ಹುಣ್ಣು ತೊಳೆಯುವವಳು ಅವಳೇ. ಹೊಲಸು ಬಳಿದು, ಬಟ್ಟೆ ಬದಲಾಯಿಸಿ, ಮಗ್ಗುಲು ತಿರುಗಿಸುವವಳು ಅವಳೇ. ಹುಣ್ಣಿನ ಒಳಗೆ ಬಿಳಿ ಎಲುಬು ಕಾಣುವಷ್ಟು ಗುಳಿಯಾಗಿತ್ತು. ಬೆಳಗ್ಗೆ ಅದನ್ನು ತೊಳೆದು ಎದ್ದ ಮೇಲೆ ಹಿತ್ತಿಲಿಗೆ ಹೋಗಿ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದಳು. ಈ ಕೆಲಸಕ್ಕೆಲ್ಲ ಕರಿಯಮ್ಮ ಬೇಡ ಅನ್ನಲಿಲ್ಲ. ಸೊಸೆಯ ಕೈ ಮೈಯ ಹೊರಗಿನದಕ್ಕೆ ಆಗುತ್ತಿತ್ತು. ಅದೇ ಕೈ ಚಮಚದಲ್ಲಿ ನೀರು ಹಿಡಿದು ಹತ್ತಿರ ಬಂದರೆ ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಬಲವಂತ ಮಾಡಿದರೆ ಉಗುಳುತ್ತಿದ್ದಳು.

ಚೌಡಮ್ಮ ಹೋಗಿ ಮೂರನೆಯ ದಿನ. ಶಿವರಾತ್ರಿ ಕಳೆದ ಬಿಸಿಲು, ಹೆಂಚು ಸಿಡಿಯುವಂಥದ್ದು. ಮೂರು ದಿನದಲ್ಲಿ ಒಳಗೆ ಹೋಗಿದ್ದು ನಾಲ್ಕು ಲೋಟವೂ ಇರಲಿಲ್ಲ. ತುಟಿ ಸೀಳಿ ರಕ್ತ ಒಣಗಿತ್ತು. ನಾಲಿಗೆ ಒಣಗಿದ ತೊಗಲಿನ ತುಂಡಿನ ಹಾಗೆ ಹಲ್ಲಿಗೆ ಅಂಟುತ್ತಿತ್ತು. ಮುದುಕಿ ಬಾಯಾರಿ ಸತ್ತರೆ ಊರು ಏನನ್ನುತ್ತದೆ ಎಂಬುದು ಪಾಪಮ್ಮನಿಗೆ ಗೊತ್ತಿತ್ತು. ಅದಕ್ಕಿಂತ, ಆ ಸಾವು ತನ್ನ ಬೋಳು ಕೈಯ ಮೇಲೆ ಕೂತುಬಿಡುತ್ತದೆ ಎಂಬ ಹೆದರಿಕೆ ಇತ್ತು. ತಾನು ಅಂದು ಅಂಗಳದಲ್ಲಿ ಕಣ್ಣು ಮುಚ್ಚಿ ಎರಡು ಚುಕ್ಕೆ ಇಡಿಸಿಕೊಂಡಿದ್ದರೆ ಎಂದು ಆ ದಿನ ಮೊದಲ ಸಲ ಅನ್ನಿಸಿತಂತೆ. ಮರುಕ್ಷಣವೇ ಆ ತೆಂಗಿನ ಚಿಪ್ಪೂ ಅದರಲ್ಲಿ ತೇಲುತ್ತಿದ್ದ ಕೆಂಪು ಎಳೆಗಳೂ ಕಣ್ಣಿಗೆ ಬಂದವು.

ಕಾಯಿಸಿ ಆರಿಸಿದ ನೀರನ್ನು ಲೋಟದಲ್ಲಿ ಹಿಡಿದು ಅವಳು ಚಾಪೆಯ ಪಕ್ಕ ಕೂತಿದ್ದಳು. ಅತ್ತೆ ಮುಖ ತಿರುಗಿಸಿದ್ದಾಯಿತು. ಬಿದ್ದುಹೋದ ಬಲಗೈ ಇವಳ ಕಡೆ, ನೆಲದ ಮೇಲೆ ಬಿದ್ದಿತ್ತು. ಬೆರಳು ಮಡಚಿ ಮುಷ್ಟಿಯಾಗಿತ್ತು. ಪಾಪಮ್ಮ ಲೋಟ ಕೆಳಗಿಟ್ಟು, ಸೋಪು ನೀರು ತಂದು, ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮದುವೆಯ ಬಳೆಶಾಸ್ತ್ರದ ದಿನ ಆ ಕೈ ಅವಳ ಕೈಯನ್ನು ಹಿಡಿದಿತ್ತು; ಅವಳಾಗಿ ಬೇಕೆಂದು ಅದನ್ನು ಹಿಡಿದದ್ದು ಇದೇ ಮೊದಲು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಾಗ ಅಂಗೈಯಿಂದ ಹುಳಿತ ಗಂಜಿಯ ವಾಸನೆ ಎದ್ದಿತು. ಗೆರೆಗಳ ಸಂದಿಯಲ್ಲಿ ಬೆಳ್ಳಗೆ ಏನೋ ಕಟ್ಟಿತ್ತು. ತೊಳೆದಳು. ಉಗುರು ಕತ್ತರಿಸಿದಳು. ಚೇಳಿನ ಮೇಲೆ, ನವಿಲುಗಳ ಮೇಲೆ ಸೋಪು ಹಾಕಿ ಉಜ್ಜಿ ಮತ್ತೆ ತೊಳೆದಳು. ಆಮೇಲೆ ಆ ಕೈಯ ಮಣಿಕಟ್ಟನ್ನು ಅಡಿಯಿಂದ ಹಿಡಿದು, ಅಂಗೈಯನ್ನು ಬೊಗಸೆಯಂತೆ ಬಾಗಿಸಿ, ಅದರೊಳಗೆ ಲೋಟದಿಂದ ನೀರು ಹೊಯ್ದು ಮುದುಕಿಯ ಬಾಯಿಯ ಹತ್ತಿರ ಎತ್ತಿದಳು.

"ಇದು ನಿಮ್ ಕೈಯೇ. ಕುಡೀರಿ."

ಕರಿಯಮ್ಮ ತಲೆ ತಿರುಗಿಸಿ ನೋಡಿದಳು. ಸೊಸೆಯ ಮುಖವನ್ನಲ್ಲ, ತನ್ನ ಹೆಬ್ಬೆರಳಿನ ಬುಡದ ಚೇಳನ್ನು. ಅಷ್ಟರಲ್ಲಿ ಅರ್ಧ ನೀರು ಬೆರಳ ಸಂದಿಯಿಂದ ಸೋರಿ ಕತ್ತಿಗೆ ಇಳಿದಿತ್ತು. ಉಳಿದದ್ದನ್ನು ಅವಳು ತುಟಿ ಚಾಚಿ ಹೀರಿದಳು. ಇನ್ನೊಂದು ಬೊಗಸೆ. ಆರನೆಯದರ ಹೊತ್ತಿಗೆ ಲೋಟ ಖಾಲಿಯಾಯಿತು.

ಅಂದಿನಿಂದ ನಾಲ್ಕು ತಿಂಗಳು ನೀರು, ಗಂಜಿ, ಸಾರಿನಲ್ಲಿ ನೆನೆಸಿದ ಮುದ್ದೆಯ ಚೂರು ಎಲ್ಲವೂ ಆ ಸತ್ತ ಕೈಯ ಮೂಲಕ ಹೋದವು. ನೋಡುವುದಕ್ಕೆ ಹಿತವಾದ ಕೆಲಸವಲ್ಲ. ಸದಾ ಒದ್ದೆಯಾಗಿ ಅಂಗೈಯ ಚರ್ಮ ಬಿಳುಚಿ ಸುಲಿಯತೊಡಗಿತು. ಬೆರಳ ಸಂದಿ ಕೆಂಪಾಗಿ ಕೊಳೆಯಿತು. ತಮ್ಮಯ್ಯ ಅಜ್ಜಂಪುರದಿಂದ ಕಳಿಸಿದ ಪೊಟ್ಯಾಶಿಯಂ ಪರ್ಮಾಂಗನೇಟಿನ ನೇರಳೆ ನೀರಲ್ಲಿ ಅದ್ದಿ ಅದ್ದಿ ಆ ಕೈಗೆ ಕಂದು ಬಣ್ಣ ಹತ್ತಿತು. ಗಂಜಿ ಜೊಲ್ಲಿನೊಂದಿಗೆ ಮೊಣಕೈವರೆಗೆ ಇಳಿದು ನವಿಲುಗಳ ಮೇಲೆ ಒಣಗುತ್ತಿತ್ತು. ನಂಜುಂಡಪ್ಪ ಆ ಹೊತ್ತಿಗೆ ಮನೆಯಲ್ಲಿ ಇರುತ್ತಿರಲಿಲ್ಲ. ನಾಗವೇಣಿ ಅಜ್ಜಿಯ ಕೋಣೆಗೆ ಹೋಗುವುದನ್ನೇ ಬಿಟ್ಟಳು. ಬಿದ್ದ ಕೈಯಲ್ಲಿ ಮುದುಕಿಗೆ ಉಣ್ಣಿಸುತ್ತಾಳಂತೆ ಎಂದು ಕೇರಿಯವರು ಮುಖ ಕಿವುಚಿ ಮಾತಾಡಿಕೊಂಡರು. ಇದು ಹಗೆ ತೀರಿಸಿಕೊಳ್ಳುವ ಬಗೆ ಎಂದವರೂ ಇದ್ದರು.

ಮೇ ತಿಂಗಳಲ್ಲಿ ಚೌಡಮ್ಮ ತರೀಕೆರೆಯಿಂದ ವಾಪಸು ಬಂದಳು. ಬಂದು ನೋಡಿ, ಒಳಗೆ ಹೋಗಿ ತನ್ನ ಕೈಯಿಂದ ಒಂದು ಲೋಟ ಮಜ್ಜಿಗೆ ಕುಡಿಸಿದಳು. ಕರಿಯಮ್ಮ ಗಟಗಟ ಕುಡಿದಳು. ಸೊಸೆಯ ಸೇವೆಯಿಂದ ಅವಳ ಕಟ್ಟಳೆ ಒಂದು ನೂಲಿನಷ್ಟೂ ಸಡಿಲವಾಗಿರಲಿಲ್ಲ. ಚೌಡಮ್ಮ ಬಂದ ಹೊತ್ತಿನಲ್ಲಿ ಚೌಡಮ್ಮನ ಕೈ, ಬಾರದ ಹೊತ್ತಿನಲ್ಲಿ ತನ್ನದೇ ಕೈ. ಆ ಕೈಯನ್ನು ಅಡಿಯಿಂದ ಎತ್ತಿ ಹಿಡಿದ ಇನ್ನೊಂದು ಕೈಯ ಬಗ್ಗೆ ಅವಳು ಏನನ್ನೂ ಹೇಳಲಿಲ್ಲ. ದಿನವೂ ಆ ಕೈ ತೊಳೆಯುವಾಗ ಪಾಪಮ್ಮ ಉಸಿರು ಹಿಡಿದುಕೊಂಡೇ ತೊಳೆದಳು. ಅದು ಅಭ್ಯಾಸವಾಗಲಿಲ್ಲ.

ಜುಲೈನಲ್ಲಿ ಒಂದು ಬೆಳಗ್ಗೆ ಕರಿಯಮ್ಮ ತೀರಿಕೊಂಡಳು. ಲಿಂಗದಹಳ್ಳಿಯಿಂದ ರಂಗಮ್ಮ, ಕಡೂರಿನಿಂದ ಬೀರಪ್ಪ, ವಿಮಲ ಮಧ್ಯಾಹ್ನದ ಹೊತ್ತಿಗೆ ಬಂದರು. ಮೈ ತೊಳೆಸುವ ಮೊದಲು ಒಡವೆ ತೆಗೆಯಬೇಕಿತ್ತು. ಓಲೆ ಬಂದವು. ಐವತ್ತು ವರ್ಷದಿಂದ ಒಳಗಿದ್ದ ಮೂಗುತಿಯ ತಿರುಪು ಮಾಂಸದಲ್ಲಿ ಹೂತುಹೋಗಿತ್ತು. ರಂಗಮ್ಮ ಒಂದು ಸಲ ಎಳೆದಳು, ಮೂಗಿನ ಹೊರಳೆಯಿಂದ ಕಂದು ನೀರು ಇಳಿಯಿತು, ಕೈ ಬಿಟ್ಟಳು. ವಿಮಲ ಹಿತ್ತಿಲಿಗೆ ಹೋದಳು. ಪಾಪಮ್ಮನನ್ನು ಕರೆದರು. ಅವಳು ಬೆಚ್ಚಗಿನ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಾದು, ಮೂಗಿನೊಳಗೆ ಕಿರುಬೆರಳಿಟ್ಟು ತಿರುಪನ್ನು ಬಿಚ್ಚಿ ತೆಗೆದುಕೊಟ್ಟಳು.

ಆಮೇಲೆ ಬಾಯಿಗೆ ನೀರು ಬಿಡುವ ಶಾಸ್ತ್ರ. ನಂಜುಂಡಪ್ಪ ಬಿಟ್ಟ, ಬೀರಪ್ಪ ಬಿಟ್ಟ, ರಂಗಮ್ಮ ಬಿಟ್ಟಳು. ಹೆಣದ ಬಾಯಿ ಅರ್ಧ ತೆರೆದಿತ್ತು, ನೀರು ಕೆನ್ನೆಯ ಮೇಲಿಂದ ಹರಿದು ಹೋಗುತ್ತಿತ್ತು. ವಿಮಲ ಕೂಡ ಎರಡು ಹನಿ ಬಿಟ್ಟು ಬಂದಳು, ಯಾರೂ ಅವಳ ಕೈ ನೋಡಲಿಲ್ಲ. ರಂಗಮ್ಮ ಲೋಟವನ್ನು ಪಾಪಮ್ಮನ ಕಡೆ ಚಾಚಿದಳು. ಪಾಪಮ್ಮ ಕೈ ನೀಡಲಿಲ್ಲ.

"ಬಿಡೇ ಅತ್ತಿಗೆ. ಇನ್ನೂ ಸಿಟ್ಟೇನೇ?"

"ಸಿಟ್ಟಿಲ್ಲ. ಬಾಯಿ ಮುಚ್ಕಳಕ್ಕೆ ತ್ರಾಣ ಇದ್ದಾಗ ಬ್ಯಾಡ ಅಂದ್ರು. ಈಗ ಬಿಟ್ರೆ ಮೋಸ ಕಣೇ ಅದು."

ನೆರೆದಿದ್ದ ಹೆಂಗಸರಲ್ಲಿ ಗುಸುಗುಸು ಎದ್ದಿತು. ಹೆಣದ ಮುಂದೆಯೂ ಹಟ ಬಿಡಲಿಲ್ಲ ಎಂದು ಒಬ್ಬಳು ಕೇಳಿಸುವಂತೆಯೇ ಅಂದಳು. ನಂಜುಂಡಪ್ಪ ಹೆಂಡತಿಯ ಮುಖ ನೋಡಿದ. ತಂಗಿಯ ಕೈಯಿಂದ ಲೋಟ ಇಸಿದುಕೊಂಡು, ಹಿಂದೆ ನಿಂತಿದ್ದ ಚೌಡಮ್ಮನಿಗೆ ಕೊಟ್ಟ. ಪಾಪಮ್ಮ ಸಾಲಿನಿಂದ ಪಕ್ಕಕ್ಕೆ ಬಂದು, ಎಣ್ಣೆಯಾಗಿದ್ದ ಕಿರುಬೆರಳನ್ನು ಸೆರಗಿಗೆ ತಾಕದಂತೆ ದೂರ ಹಿಡಿದುಕೊಂಡು, ಬಚ್ಚಲ ಕಡೆ ಹೋದಳು.